ನರ್ಸಬಾಯಿಯ ಪುಸ್ತಕ, ಅತ್ತೆಯ ವ್ರತ

ಮೊನ್ನೆ ಮೊಮ್ಮಗ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ಯಾರೋ ಪುಣ್ಯಾತ್ಮರು, ಕ್ರೈಸ್ತರ ಧರ್ಮಗ್ರಂಥವನ್ನು ಕೂಡಿ ಓದೋಣ, ಯಾವ ಜಾತಿಯವರಾದರೂ ಬರಲಿ, ಏನು ಬೇಕಾದರೂ ಕೇಳಲಿ, ಮರ್ಯಾದೆಯಿಂದ ಮಾತಾಡೋಣ ಎಂದು ಕರೆ ಕೊಟ್ಟಿದ್ದರು. ಅದರ ಕೆಳಗೆ ಜನರ ಉತ್ತರ. ಓದೋಣವೆಂದು ಕನ್ನಡಕ ಹಾಕಿಕೊಂಡವಳು ಸ್ವಲ್ಪದರಲ್ಲೇ ತೆಗೆದಿಟ್ಟೆ. ಒಬ್ಬ ಅವರ ತಾಯಿಯನ್ನು ಎಳೆದು ತಂದಿದ್ದ, ಇನ್ನೊಬ್ಬ ಇವರ ತಾಯಿಯನ್ನು. ಮುಖ ಕಾಣದಿದ್ದರೆ ಜನಕ್ಕೆ ಬಾಯಿ ಎಷ್ಟು ಜೋರಾಗುತ್ತದೆ ನೋಡಿ. ನನಗೆ ಮೈಯೆಲ್ಲ ಉರಿದು ಮೊಮ್ಮಗನಿಗೇ ಬೈದೆ, ಪಾಪ, ಅವನದೇನೂ ತಪ್ಪಿರಲಿಲ್ಲ. ಅವರು ಕರೆದಂಥ ಮಾತುಕತೆ ನಮ್ಮ ಮನೆಯ ಪಡಸಾಲೆಯಲ್ಲಿ ಕೆಲವು ವರ್ಷ ನಡೆದಿತ್ತು. ಅದು ಹೇಗೆ ಮುಗಿಯಿತೆಂದು ಈಗ ಹೇಳಬಹುದು, ಆಗ ಆ ಮನೆಯಲ್ಲಿದ್ದ ದೊಡ್ಡವರಲ್ಲಿ ಉಳಿದವಳು ನಾನೊಬ್ಬಳೇ.

ನನ್ನ ತವರು ಬೋರಗಾಂವ. ಮಗ್ಗಗಳ ಸದ್ದಿನಲ್ಲಿ ಬೆಳೆದವಳು ನಾನು, ನಮ್ಮಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಎಂಬತ್ತರ ದಶಕದ ಮೊದಲಲ್ಲಿ ಕಾಗವಾಡದ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಕಬ್ಬು, ದ್ರಾಕ್ಷಿ ಇದ್ದ ಜೈನರ ಮನೆ. ಗಂಡ ಒಬ್ಬನೇ ಮಗ, ಮಾವ ತೀರಿಕೊಂಡಿದ್ದರು. ಬಂದ ಮೊದಲ ವಾರವೇ ಅತ್ತೆ ನನ್ನನ್ನು ಕರೆದು, "ಮೆಲ್ಲಗ ಮಾತಾಡ, ನಾ ಇಲ್ಲೇ ಅದೀನಿ" ಎಂದಿದ್ದರು. ಅವರು ಜೋರು ಮಾಡಿದ್ದನ್ನು ನಾನು ನೋಡಲೇ ಇಲ್ಲ. ಹಾಗಂತ ಮೆತ್ತಗಿನ ಹೆಂಗಸು ಅಂದುಕೊಳ್ಳಬೇಡಿ. ಅವರು ಒಂದು ಸಲ ಬೇಡ ಎಂದರೆ ಮನೆಯಲ್ಲಿ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಊರಿಗೆ ಸರಕಾರಿ ನರ್ಸೊಬ್ಬಳು ಬಂದಳು. ಗದಗದ ಕಡೆಯವಳು, ಕ್ರೈಸ್ತಳು, ಒಂಟಿ ಜೀವ. ಊರೆಲ್ಲ ಆಕೆಯನ್ನು ನರ್ಸಬಾಯಿ ಎನ್ನುತ್ತಿತ್ತು. ಅತ್ತೆಯ ಕಾಲಿಗೆ ವಾಸಿಯಾಗದ ಒಂದು ಹುಣ್ಣಿತ್ತು, ಅದಕ್ಕೆ ಪಟ್ಟಿ ಕಟ್ಟಲು ಮಧ್ಯಾಹ್ನ ಬರುತ್ತಿದ್ದಳು. ಒಂದು ದಿನ ಬ್ಯಾಗಿನಿಂದ ಹತ್ತಿ ತೆಗೆಯುವಾಗ ಒಂದು ದಪ್ಪ ಪುಸ್ತಕ ಹೊರಬಿತ್ತು. ಏನದು ಎಂದು ಅತ್ತೆ ಕೇಳಿದರು. ನಮ್ಮ ಶಾಸ್ತ್ರ ಎಂದಳು ನರ್ಸಬಾಯಿ.

"ಓದ ನೋಡೂಣು" ಎಂದು ಕೈ ಚಾಚಿದವರು ಅರ್ಧಕ್ಕೇ ಕೈ ಹಿಂದೆ ತೆಗೆದುಕೊಂಡರು. ಪುಸ್ತಕದ ಹೊದಿಕೆ ಚರ್ಮದ್ದು. ಚರ್ಮವನ್ನು ನಾವು ಶಾಸ್ತ್ರದ ಹತ್ತಿರವೂ ತರುವುದಿಲ್ಲ. ನರ್ಸಬಾಯಿಯ ಮುಖ ಸಣ್ಣದಾಯಿತು. ಆಕೆ ಅದನ್ನು ತನ್ನ ಮತಕ್ಕೆ ಮಾಡಿದ ಅವಮಾನ ಎಂದು ತಿಳಿದಿದ್ದಳು, ಅಂಥವು ಆಕೆಗೆ ಹೊಸವಲ್ಲ. ಅತ್ತೆಗೆ ಅದು ತಿಳಿಯಿತು.

"ನಿನ್ನ ದೇವ್ರಿಗೆ ಅಲ್ಲ ಮಗಳ. ಸತ್ತ ದನದ ಚರ್ಮ ಅದು. ಅದರ ಜೀವಾ ನೆನಪ ಆಕ್ಕೈತಿ, ಅಷ್ಟ."

ಮರುವಾರ ನರ್ಸಬಾಯಿ ಬಂದಾಗ ಪುಸ್ತಕಕ್ಕೆ ಹಸಿರು ಖಣದ ಬಟ್ಟೆಯ ಅಂಗಿ ಇತ್ತು. ಚರ್ಮವನ್ನು ತಾನೇ ಬಿಚ್ಚಿ, ರಾತ್ರಿ ಕೂತು ಹೊಲಿದಿದ್ದಳು. ಅತ್ತೆ ಒಳಗೆ ಹೋಗಿ, ತಮ್ಮ ಶಾಸ್ತ್ರ ಓದುವ ಮರದ ಪೀಠವನ್ನೇ ತಂದು ಅದರ ಮುಂದಿಟ್ಟರು. ನಮ್ಮನೆಯವರಿಗೆ ಅದು ಸರಿಬರಲಿಲ್ಲ. "ಅವ್ವಾ, ಊರವ್ರು ಏನಂದಾರು?" ಎಂದರು. ಅತ್ತೆ ಸೊಪ್ಪು ಹಾಕಲಿಲ್ಲ. ನಾನು ಬಾಗಿಲಲ್ಲಿ ನಿಂತು ನಕ್ಕೆ, ಅದಕ್ಕೆ ಗಂಡನ ಕಣ್ಣು ನನ್ನ ಮೇಲೆ ಕೆಂಪಾದವು.

ಹೀಗೆ ಶುರುವಾಯಿತು. ನಾವು ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತ ಕೂರುತ್ತಿದ್ದೆವು, ಆಕೆ ಓದುತ್ತಿದ್ದಳು. ಮೊದಲ ದಿನವೇ ಅತ್ತೆ ಕರಾರು ಹಾಕಿದರು.

"ನೀ ನನ್ನ ನಿಮ್ಮ ಗುಡಿಗೆ ಕರೀಬ್ಯಾಡ, ನಾ ನಿನ್ನ ಬಸದಿಗೆ ಕರೆಯೂದಿಲ್ಲ. ತಿಳೀಲಿಲ್ಲಂದ್ರ ಕೇಳೂದು. ಸಿಟ್ಟ ಬಂತಂದ್ರ ಬಾಯಿ ಮುಚ್ಚಿ ದ್ರಾಕ್ಷಿ ಬಿಡಸೂದು."

"ಹೌದ್ರಿ ಆಯಿ" ಎಂದಳು ನರ್ಸಬಾಯಿ. ಕೊನೆಯ ಮಾತು ನನ್ನನ್ನು ನೋಡಿಯೇ ಅಂದದ್ದು ಎಂದು ನನಗೆ ಗೊತ್ತಿತ್ತು.

ಜಗಳ ಆಗಲಿಲ್ಲವೆಂದಲ್ಲ. ಗುಡ್ಡದ ಮೇಲೆ ಹಸಿದ ಜನಕ್ಕೆಲ್ಲ ಯೇಸುಸ್ವಾಮಿ ರೊಟ್ಟಿ, ಮೀನು ಹಂಚಿದ ಕತೆ ಬಂತು. ರೊಟ್ಟಿಗೆ ಅತ್ತೆ ತಲೆದೂಗಿದರು, ಮೀನಿಗೆ ನಿಲ್ಲಿಸಿದರು. "ಅಷ್ಟ ರೊಟ್ಟಿ ಮಾಡಾಂವಗ ಮೀನ ಯಾಕ ಬೇಕಾಗಿತ್ತ?" ಕೆರೆಯ ದಂಡೆಯ ಜನ ಆಯಿ, ಅವರ ಊಟವೇ ಅದು ಎಂದಳು ನರ್ಸಬಾಯಿ. ಅತ್ತೆ ಒಪ್ಪಲಿಲ್ಲ, ಆದರೆ ಓದು ಮುಂದೆ ಎಂದರು. ಇನ್ನೊಂದು ದಿನ, ಒಬ್ಬ ಹುಚ್ಚನ ಮೈಯಿಂದ ಬಿಡಿಸಿದ ದೆವ್ವಗಳು ಹಂದಿಗಳ ಹಿಂಡಿಗೆ ಹೊಕ್ಕು, ಹಂದಿಗಳೆಲ್ಲ ಕೆರೆಗೆ ಬಿದ್ದು ಸತ್ತ ಕತೆ. ಅತ್ತೆಯ ಕೈ ನಿಂತೇಹೋಯಿತು. ಕಣ್ಣಲ್ಲಿ ನೀರು.

"ಹಂದಿ ಏನ ತಪ್ಪ ಮಾಡಿದ್ವು?"

ನರ್ಸಬಾಯಿ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. "ಗೊತ್ತಿಲ್ರಿ ಆಯಿ. ನಾನೂ ಸಣ್ಣಾಕಿದ್ದಾಗ ಕೇಳಿದ್ದೆ. ಯಾರೂ ಹೇಳಲಿಲ್ಲ."

ಗೊತ್ತಿಲ್ಲ ಎಂದು ಧರ್ಮದ ವಿಷಯದಲ್ಲಿ ಒಪ್ಪಿಕೊಂಡವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅತ್ತೆಯೂ ಕಂಡಿರಲಿಲ್ಲವೆಂದು ಕಾಣುತ್ತದೆ. ಆವತ್ತಿನಿಂದ ಆಕೆಯ ಮೇಲೆ ಅವರಿಗೆ ಎಲ್ಲಿಲ್ಲದ ನಂಬಿಕೆ. ಆಕೆಯೂ ಕೇಳುತ್ತಿದ್ದಳು. ನೀರು ಯಾಕೆ ಸೋಸುತ್ತೀರಿ, ದೀಪ ಹಚ್ಚಿದ ಮೇಲೆ ಯಾಕೆ ಉಣ್ಣುವುದಿಲ್ಲ, ದೇಹವೇ ಬೇರೆ ಆತ್ಮವೇ ಬೇರೆ ಎಂದರೆ ನೋವು ಯಾರಿಗೆ ಆಗುತ್ತದೆ? ಅತ್ತೆ ತಮಗೆ ತಿಳಿದದ್ದನ್ನು ಹೇಳುತ್ತಿದ್ದರು, ತಿಳಿಯದ್ದಕ್ಕೆ ಅವರೂ ಗೊತ್ತಿಲ್ಲ ಎನ್ನಲು ಕಲಿತರು.

ದಶಕದ ಕೊನೆಯಲ್ಲಿ ಅತ್ತೆಯ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಮಿರಜಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಈ ವಯಸ್ಸಿಗೆ ಕೊಯ್ದು ಉಪಯೋಗವಿಲ್ಲ ಎಂದು ಕಳಿಸಿದರು. ಉಂಡದ್ದು ನಿಲ್ಲುತ್ತಿರಲಿಲ್ಲ, ಮೈ ಕಟ್ಟಿಗೆಯಾಯಿತು. ಆ ಹೊತ್ತಿಗೆ ನಮ್ಮ ಮುನಿ ಮಹಾರಾಜರೊಬ್ಬರು ಅಥಣಿಯ ಕಡೆಯಿಂದ ನಡೆಯುತ್ತ ಊರಿಗೆ ಬಂದಿದ್ದರು. ಅತ್ತೆ ತಮ್ಮನ್ನು ಎತ್ತಿಸಿಕೊಂಡು ಹೋಗಿ, ಅವರ ಮುಂದೆ ಸಲ್ಲೇಖನದ ವ್ರತ ಬೇಡಿದರು. ಸಾವು ಹೇಗೂ ಬಾಗಿಲಿಗೆ ಬಂದಾಗ, ಅನ್ನವನ್ನು, ಆಮೇಲೆ ಹಾಲು ಮಜ್ಜಿಗೆಯನ್ನು, ಕೊನೆಗೆ ನೀರನ್ನೂ ಬಿಟ್ಟು, ಯಾರ ಮೇಲೂ ಆಸೆ ದ್ವೇಷ ಇಲ್ಲದೆ ಹೋಗುವುದು ಆ ವ್ರತ. ಮಹಾರಾಜರು ಬಹಳ ವಿಚಾರಿಸಿ, ಮನೆಯವರೆಲ್ಲರ ಒಪ್ಪಿಗೆ ಕೇಳಿ, ಕೊಟ್ಟರು. ನಾನೂ ಹೂಂ ಎಂದೆ. ಅವರ ನೋವು ಕಂಡಿದ್ದವಳು ಇನ್ನೇನು ಅನ್ನಲಿ?

ನರ್ಸಬಾಯಿ ಮಾತ್ರ ಒಪ್ಪಲಿಲ್ಲ. ಅತ್ತೆಯ ಮಂಚದ ಹತ್ತಿರ ನೆಲಕ್ಕೆ ಕೂತು ನೇರ ಹೇಳಿದಳು.

"ಆಯಿ, ಇದು ನನ್ನ ಮನಸ್ಸಿಗೆ ಒಪ್ಪೂದಿಲ್ಲ. ಜೀವಾ ಕೊಟ್ಟಾಂವ ತಾನ ತಗೋಬೇಕ."

"ನಾ ಜೀವಾ ತಗಿಯಾಕತ್ತಿಲ್ಲ ಮಗಳ. ಊಟಾ ಬಿಡಾಕತ್ತೀನಿ. ಅದ ನನ್ನ ಮೊದಲ ಬಿಟ್ಟೈತಿ."

ಆಕೆ ಅಳುತ್ತ ನಕ್ಕಳು. ಆಮೇಲೆ ಅತ್ತೆ ತಮ್ಮ ಹೆದರಿಕೆ ಹೇಳಿಕೊಂಡರು. ಅವರಿಗೆ ಸಾವಿನ ಹೆದರಿಕೆ ಇರಲಿಲ್ಲ. ಕೊನೆಗೆ ಬುದ್ಧಿ ಮಸುಕಾದಾಗ ಬಾಯಿ ತಾನಾಗಿ ನೀರು ಬೇಡಿಬಿಟ್ಟರೆ, ಯಾರಾದರೂ ಕೊಟ್ಟುಬಿಟ್ಟರೆ, ಜೀವಮಾನವೆಲ್ಲ ಕಾದುಕೊಂಡ ಒಂದು ಸಾವು ಕೈತಪ್ಪಿಹೋಗುತ್ತದೆ, ಅದೇ ಹೆದರಿಕೆ. ಮಗ ಕರಗಿಹೋಗುತ್ತಾನೆ, ಹತ್ತಿರ ಕೂಡಿಸಬೇಡಿ ಎಂದರು. ನನ್ನ ಹೆಸರು ಎತ್ತಲೇ ಇಲ್ಲ, ನನ್ನ ಅವಸರ ಅವರಿಗೆ ಗೊತ್ತು. "ನೀ ಕೂಡ ನನ್ನ ಹತ್ತರ" ಎಂದು ನರ್ಸಬಾಯಿಯ ಕೈ ಹಿಡಿದರು.

"ನನಗ ಆಗೂದಿಲ್ರಿ ಆಯಿ. ನೀರಡಿಸಿದವರಿಗೆ ನೀರ ಕೊಟ್ರ ಅದು ದೇವ್ರಿಗೆ ಕೊಟ್ಟಂಗ ಅಂತ ನನ್ನ ಪುಸ್ತಕದಾಗ ಐತಿ. ನೀವ ಕೇಳಿದ್ರ ನಾ ಇಲ್ಲ ಅನ್ನಲಾರೆ."

ಅವರಿಬ್ಬರೂ ಆ ಮಧ್ಯಾಹ್ನವೆಲ್ಲ ಮಾತಾಡಿದರು. ಅದೂ ನಮ್ಮ ಪಡಸಾಲೆಯ ಹಳೆಯ ಮಾತಿನ ಹಾಗೆಯೇ, ಯಾರ ದನಿಯೂ ಏರಲಿಲ್ಲ. ಕೊನೆಗೆ ಅತ್ತೆಯೇ ದಾರಿ ಹುಡುಕಿದರು. ತಾವು ನೀರು ಕೇಳಿದರೆ ನರ್ಸಬಾಯಿ ಮೊದಲು ಒಂದು ಪ್ರಶ್ನೆ ಕೇಳಬೇಕು: ಆಯಿ, ನೀವು ಕೇಳುತ್ತಿದ್ದೀರೋ, ನಿಮ್ಮ ನಾಲಗೆ ಕೇಳುತ್ತಿದೆಯೋ? ನಾಲಗೆ ಎಂದರೂ ಕೊಡಬಾರದು, ಉತ್ತರ ಬರದಿದ್ದರೂ ಕೊಡಬಾರದು. ನಾನೇ ಕೇಳುತ್ತಿದ್ದೇನೆ ಎಂದರೆ ಕೊಡಬಹುದು. ನರ್ಸಬಾಯಿ ಒಪ್ಪಿದಳು. ಮನೆಗೆ ಹೋಗುವಾಗ ಹಿತ್ತಲ ಬಾಗಿಲಲ್ಲಿ ನಿಂತು, ಆ ಪ್ರಶ್ನೆಯನ್ನು ನನ್ನೆದುರು ಮತ್ತೊಮ್ಮೆ ಹೇಳಿ ನೋಡಿಕೊಂಡಳು.

ಆಮೇಲೆ ಊರು ಮನೆಗೆ ನುಗ್ಗಿತು. ನಮ್ಮನೆಯವರು ಅಂಗಳದಲ್ಲಿ ಪೆಂಡಾಲು ಹಾಕಿಸಿದರು, ಧ್ವನಿವರ್ಧಕ ಕಟ್ಟಿಸಿದರು. ಚಿಕ್ಕೋಡಿ, ರಾಯಬಾಗ, ಸಾಂಗಲಿ ಕಡೆಯಿಂದ ಜೀಪು ತುಂಬ ಜನ ದರ್ಶನಕ್ಕೆ ಬಂದರು. ಭಕ್ತಿಯಿಂದ ಬಂದವರಿದ್ದರು, ಅವರ ಕಾಲಿಗೆ ನಾನೂ ಬೀಳಬೇಕು. ಸುಮ್ಮನೆ ನೋಡಲು ಬಂದವರೂ ಇದ್ದರು. ಇನ್ನೂ ಎಷ್ಟು ದಿನ ಆಗಬಹುದು ಎಂದು ನನ್ನನ್ನೇ ಕೇಳಿ, ತಿರುಗಿ ಬರಲು ಲೆಕ್ಕ ಹಾಕಿದ ಬೀಗರಿದ್ದರು. ಅವರಿಗೆ ನಾನು ಏನೆಂದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಗಂಡ ಮಾತ್ರ ಬಿಳಿ ಪಂಚೆಯುಟ್ಟು, ಬಂದವರಿಗೆಲ್ಲ ಕೈಮುಗಿಯುತ್ತ ಓಡಾಡುತ್ತಿದ್ದರು. ತಾಯಿಯ ವ್ರತ ಅವರಿಗೂ ದೊಡ್ಡ ಮರ್ಯಾದೆ ತಂದಿತ್ತು, ಅದರ ಜೊತೆಗೆ ಕೊಟ್ಟಿಗೆಗೆ ಹೋಗಿ ಅಳುತ್ತಲೂ ಇದ್ದರು. ಎರಡೂ ನಿಜ. ಮಹಾರಾಜರು ಅಷ್ಟರಲ್ಲಿ ಕೃಷ್ಣೆ ದಾಟಿ ಮಹಾರಾಷ್ಟ್ರದ ಕಡೆ ನಡೆದುಹೋಗಿದ್ದರು.

ಅತ್ತೆ ನೀರನ್ನೂ ಬಿಟ್ಟರು. ಬೇಸಿಗೆಯ ಉರಿ. ನರ್ಸಬಾಯಿ ರಜೆ ಹಾಕಿ ಬಂದು ಕೂತಿದ್ದಳು. ಒಂದು ಮಧ್ಯಾಹ್ನ ಹೊರಗೆ ಪೆಂಡಾಲಿನಲ್ಲಿ ಪ್ರವಚನ ನಡೆದಿತ್ತು, ಒಳಗೆ ನಾವು ಮೂವರೇ. ಅತ್ತೆ ಕಣ್ಣು ತೆರೆದು "ನೀರ" ಎಂದರು.

ನರ್ಸಬಾಯಿ ಮಂಚದ ಹತ್ತಿರ ಸರಿದಳು. ಬಗ್ಗಿ ಕಿವಿಯ ಹತ್ತಿರ ಕೇಳಿದಳು. "ಆಯಿ, ನೀವ ಕೇಳಾಕತ್ತೀರೋ, ನಿಮ್ಮ ನಾಲಗಿ ಕೇಳಾಕತ್ತೈತೋ?"

ಅತ್ತೆ ಆಕೆಯನ್ನೇ ನೋಡಿದರು. ಕಣ್ಣಲ್ಲಿ ಮಬ್ಬು ಇರಲಿಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

"ನಾನ" ಎಂದರು. "ನಾನ ಕೇಳಾಕತ್ತೀನಿ."

ನರ್ಸಬಾಯಿ ನನ್ನತ್ತ ತಿರುಗಿದಳು. ನಾನು ಅಡುಗೆಮನೆಗೆ ಹೋಗಿ, ನೀರನ್ನು ಮತ್ತೊಮ್ಮೆ ಬಟ್ಟೆಯಲ್ಲಿ ಸೋಸಿ, ಬಟ್ಟಲಲ್ಲಿ ತಂದುಕೊಟ್ಟೆ. ಆಕೆ ಚಮಚದಿಂದ ಕುಡಿಸಿದಳು. ಅತ್ತೆ ನುಂಗಿದರು, ಇನ್ನಷ್ಟು ಎಂದು ಬಾಯಿ ತೆರೆದರು, ಕುಡಿದರು. ಗಂಟಲು ಒದ್ದೆಯಾದ ಮೇಲೆ ಅವರು ಅಂದ ಮಾತು ಒಂದೇ: "ಇನ್ನ ನಿನ್ನ ಬೈತಾರ."

ಅದೇ ಹೊತ್ತಿಗೆ ಗಂಡ ಒಳಗೆ ಬಂದರು. ಚಮಚ ಇನ್ನೂ ಆಕೆಯ ಕೈಯಲ್ಲಿತ್ತು.

"ಏನ ಕೊಟ್ಟಿ?"

"ನೀರ ಕೊಟ್ಟೀನ್ರಿ. ಆಯಿ ಕೇಳಿದ್ರು."

"ನಮ್ಮವ್ವ ಕೇಳಿಲ್ಲ. ಹಂಗ ಬಾಯಿಂದ ಬಂದೈತಿ. ಇಷ್ಟ ವರ್ಷ ನಿನ್ನ ಪುಸ್ತಕಾ ಓದಿ ಓದಿ, ಕಡೀಕ ನಮ್ಮವ್ವನ ವ್ರತಾ ಕೆಡಸಿದಿ."

"ಆಕಿದೇನ ತಪ್ಪಿಲ್ಲ, ನೀರ ತಂದಾಕಿ ನಾ" ಎಂದು ನಾನು ಕೂಗಿದೆ. ಬೋರಗಾಂವದ ಬಾಯಿ, ಪೆಂಡಾಲಿನವರೆಗೂ ಕೇಳಿರಬೇಕು. ಅತ್ತೆ ಕೈಯೆತ್ತಿ, ನಾನೇ ಕೇಳಿದ್ದು ಎನ್ನಲು ನೋಡಿದರು. ಅವರ ದನಿ ಮಂಚದಿಂದ ಆಚೆ ಹೋಗಲಿಲ್ಲ. ಸೊಸೆಯ ಮಾತಿಗೆ ಸಾಕ್ಷಿಯ ಬೆಲೆಯೂ ಇರಲಿಲ್ಲ. ಊರ ಹಿರಿಯರು ಬಂದರು, ಬೈಯಲಿಲ್ಲ, ದೊಡ್ಡ ಮನಸ್ಸಿನವರೇ. ಆಯಿಯದೇನೂ ತಪ್ಪಿಲ್ಲ, ದೇಹಧರ್ಮ, ಆದರೆ ವ್ರತ ಮುರಿಯಿತು, ಮತ್ತೆ ಕೊಡಲು ಮಹಾರಾಜರಿಲ್ಲ, ಗಂಜಿ ಕುಡಿಸಿರಿ ಎಂದು ಹೇಳಿ ಹೋದರು. ನರ್ಸಬಾಯಿ ಇನ್ನು ಹೊಸ್ತಿಲು ತುಳಿಯಕೂಡದು ಎಂದರು ನಮ್ಮನೆಯವರು.

ಮರುದಿನ ಪೆಂಡಾಲು ಬಿಚ್ಚಿದರು. ಅತ್ತೆ ಒಳಗೆ ಮಲಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಗಳುಗಳನ್ನು ಕೀಳುವುದು, ಹಗ್ಗ ಎಳೆಯುವುದು, ಧ್ವನಿವರ್ಧಕದವನು ಬಾಡಿಗೆಗೆ ತಕರಾರು ಮಾಡುವುದು. ಒಂದು ಹೆಣ್ಣು ಜೀವ ಇನ್ನೂ ಉಸಿರಾಡುತ್ತಿರುವಾಗ ಅದರ ಸಾವಿಗೆ ಹಾಕಿದ ಚಪ್ಪರ ಕೀಳುತ್ತಾರಲ್ಲ, ಇವರಿಗೆ ಕರುಳಿದೆಯೇ ಎಂದು ನಾನು ಅಂಗಳಕ್ಕೆ ಹೋಗಿ ಬಾಯಿಗೆ ಬಂದಂತೆ ಅಂದೆ. ಕೂಲಿಯವರು ತಲೆ ತಗ್ಗಿಸಿಕೊಂಡು ಕೆಲಸ ಮುಗಿಸಿದರು. ಜೀಪು ಬರುವುದು ನಿಂತಿತು. ಬೀಗರು ಹೋದರು. ಗಂಡ ಹೊಲದ ಮನೆಯಲ್ಲಿ ಮಲಗತೊಡಗಿದರು.

ಕುಡಿಸಿದ ಗಂಜಿ ಅತ್ತೆಗೆ ನಿಲ್ಲಲಿಲ್ಲ. ದಿನವೂ ಅವರದೊಂದೇ ಕೇಳಿಕೆ: "ಆಕಿ ಬಂದಳೇನ?" ನನಗೆ ತಡೆಯಲಾಗಲಿಲ್ಲ, ನರ್ಸಬಾಯಿಯ ಕೋಣೆಗೆ ಹೋದೆ. ಆಕೆ ಸೊರಗಿದ್ದಳು.

"ನಾ ಬರೂದಿಲ್ರಿ ಅಕ್ಕಾ. ವ್ರತಾ ಕೆಡಸಿದಾಕಿ ಮತ್ತ ಬಂದಳು ಅಂತಾರ."

"ಅಂದ್ರ ಅನ್ಲಿ. ಅವ್ರ ಬಾಯಿಗೆ ಅವ್ರ ಮಾಲಕರು. ನಡಿ."

ಹಿತ್ತಲಿನಿಂದ ಕರೆತಂದೆ. ಅತ್ತೆ ಆಕೆಯ ಕೈಯನ್ನು ಎದೆಯ ಮೇಲಿಟ್ಟುಕೊಂಡರು. ಹಾಗೆಯೇ ಕೇಳಿದರು.

"ಮಾತ ಕೊಟ್ಟ ತಪ್ಪಿದವರಿಗೆ ನಿನ್ನ ಪುಸ್ತಕಾ ಏನ ಹೇಳತೈತಿ?"

ಆಕೆಯ ಪುಸ್ತಕದಲ್ಲಿ ಅದಕ್ಕೆ ಪುಟಗಟ್ಟಲೆ ಉತ್ತರವಿತ್ತು. ಸ್ವಾಮಿಯನ್ನು ಅರಿಯೆನೆಂದ ಶಿಷ್ಯನ ಕತೆ, ಮನೆ ಬಿಟ್ಟುಹೋಗಿ ತಿರುಗಿ ಬಂದ ಮಗನ ಕತೆ, ಎಲ್ಲ ನಾವೇ ಕೇಳಿದ್ದು. ಆಕೆ ಮತಕ್ಕೆ ಸೆಳೆಯುತ್ತಾಳೆ ಎಂದು ಊರು ಮೊದಲಿನಿಂದಲೂ ಆಡಿಕೊಳ್ಳುತ್ತಿತ್ತು, ಆಕೆಗೆ ಸೆಳೆಯಬೇಕಾಗಿದ್ದರೆ ಅದಕ್ಕಿಂತ ಸುಲಭದ ಹೊತ್ತು ಬರುತ್ತಿರಲಿಲ್ಲ. ಆಕೆ ಅದೊಂದನ್ನೂ ಎತ್ತಲಿಲ್ಲ.

"ಈಗ ಹೇಳೂದಿಲ್ರಿ ಆಯಿ. ಸೋತ ಕೂತವರಿಗೆ ಹೇಳಿದ್ರ ಕಸಗೊಂಡಂಗ ಆಕ್ಕೈತಿ. ನಿಮ್ಮ ಶಾಸ್ತ್ರದಾಗ ಏನೈತಿ, ಅದನ್ನ ಹೇಳ್ರಿ."

ಅತ್ತೆ ಕಣ್ಣು ಮುಚ್ಚಿದರು. ಆಮೇಲೆ ಮೆಲ್ಲಗೆ, "ಪ್ರಾಯಶ್ಚಿತ್ತ ಐತಿ" ಎಂದರು. "ಗುರು ಇಲ್ಲಾಂದ್ರ ಜಿನದೇವ್ರ ಸಾಕ್ಷಿ. ಮತ್ತ ಬಿಡತೀನಿ, ಅನ್ನಾನೂ ನೀರೂ. ಈ ಸಲ ಯಾರಿಗೂ ಹೇಳಬ್ಯಾಡ್ರಿ. ನನ್ನ ಮಗಗೂ ಹೇಳಬ್ಯಾಡ್ರಿ, ಮತ್ತ ಚಪ್ಪರಾ ಹಾಕತಾನ."

ನಾನು ಅತ್ತುಬಿಟ್ಟೆ. ಮಾತು ಕೊಡು ಎಂದರು, ಕೊಟ್ಟೆ. ನರ್ಸಬಾಯಿ ಕೂಡಲೇ ಕೊಡಲಿಲ್ಲ.

"ಆಯಿ, ನನಗ ಈಗೂ ಇದು ಒಪ್ಪೂದಿಲ್ಲ."

"ಗೊತ್ತೈತಿ. ಅದಕ್ಕ ನೀ ಬೇಕ. ಕೂಡ."

"ಮತ್ತ ಕೇಳಿದ್ರ ಮತ್ತ ಕೊಡತೀನಿ."

"ಕೇಳಿದ್ರ ಕೊಡ."

ಆಗ ಆಕೆಯೂ ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟಳು. ಗಂಡ ಹೊಲಕ್ಕೆ ಹೋದ ಮೇಲೆ ಬಂದು ಕೂರುತ್ತಿದ್ದಳು. ಸೋಸಿದ ನೀರು ತುಂಬಿದ ಬಟ್ಟಲು ಮಂಚದ ಹತ್ತಿರ ಅತ್ತೆಯ ಕಣ್ಣಿಗೆ ಕಾಣುವಂತೆಯೇ ಇರುತ್ತಿತ್ತು, ಮುಚ್ಚಿಡಬೇಡಿ ಎಂದು ಅವರೇ ಹೇಳಿದ್ದರು. ಅವರು ಕೇಳಲಿಲ್ಲ. ನಾಲಗೆ ಹಲಗೆಯಂತಾಗಿ ಮಾತು ನಿಂತ ಮೇಲೂ ಅವರ ಕಣ್ಣು ಆ ಬಟ್ಟಲಿನ ಕಡೆ ಹೋಗಲಿಲ್ಲ. ನರ್ಸಬಾಯಿಯ ಕಣ್ಣೇ ಅದರ ಮೇಲಿಂದ ಏಳುತ್ತಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಉಸಿರು ಏರಿತು. ಆಳನ್ನು ಹೊಲಕ್ಕೆ ಓಡಿಸಿದೆ. ಗಂಡ ಕೆಸರುಗಾಲಲ್ಲೇ ಬಂದರು. ನರ್ಸಬಾಯಿಯನ್ನು ಕಂಡರೂ ಏನೂ ಅನ್ನಲಿಲ್ಲ, ಅನ್ನುವ ಸ್ಥಿತಿಯಲ್ಲಿರಲಿಲ್ಲ. ತಾಯಿಯ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡು, ಅಲ್ಲೇ ಇದ್ದ ಬಟ್ಟಲನ್ನು ಎತ್ತಿಕೊಂಡರು.

"ಅವ್ವಾ, ನಾ ಬಂದೀನಿ. ವ್ರತಾ ಹೋದ್ರ ಹೋಗಲಿ. ಒಂದ ಗುಟಕ ಕುಡಿ. ಬಾಯಿ ಒಣಗಿ ಹೋಗಬ್ಯಾಡ."

ಚಮಚ ತುಟಿಗೆ ಮುಟ್ಟಿದ ಕೂಡಲೇ ಅತ್ತೆ ಹಲ್ಲು ಕಚ್ಚಿದರು. ಸತ್ತೇಹೋಗಿದ್ದಾರೆ ಎಂದುಕೊಂಡಿದ್ದ ಮುಖದಲ್ಲಿ ಅಷ್ಟು ಬಲ ಎಲ್ಲಿತ್ತೋ. ನೀರು ಕೆನ್ನೆಯ ಮೇಲಿಂದ ಕಿವಿಯ ಹಿಂದಕ್ಕೆ ಹರಿಯಿತು. ಗಂಡ ಮತ್ತೆ ಪ್ರಯತ್ನಿಸಿದರು. ಅತ್ತೆ ಮುಖವನ್ನು ಆಚೆ ಹೊರಳಿಸಿದರು, ಹಾಗೆಯೇ ಉಸಿರು ನಿಂತಿತು.

ಗಂಡ ತಾಯಿಯ ಕಿವಿಯ ಹಿಂದಿನ ನೀರನ್ನು ಒರೆಸಿದರು. ಆಮೇಲೆ ನರ್ಸಬಾಯಿಯತ್ತ ನೋಡಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ.

"ಅವತ್ತ ನಿನ್ನ ಕೈಯಾಗ ಕುಡದಳಲ್ಲ" ಎಂದರು. "ನನ್ನ ಕೈಯಾಗ ಯಾಕ ಒಲ್ಲೆ ಅಂದಳು?"

ನರ್ಸಬಾಯಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಇಬ್ಬರೂ ಮಾತು ಕೊಟ್ಟಿದ್ದೆವು.